ಚಿಂಚಿಲಾ ರೂಮಿಗೆ ಟೈಮರ್ ಲೈಟು, ಒಂದು ಮಳೆಗಾಲ ಕಳೆದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಬಲ್ಬಿನ ರಿವ್ಯೂ ಅಲ್ಲ, ಬಲ್ಬನ್ನ ಹೊತ್ತಿಗೆ ಸರಿಯಾಗಿ ತಾನೇ ಹಾಕಿ ಆರಿಸೋ ಟೈಮರ್ ಸಾಕೆಟ್‌ದು.

ನಮ್ಮನೇಲಿ ಒಂದು ಚಿಂಚಿಲಾ ಇದೆ, ಹೆಸರು ಬೂದಿ. ಬೆಂಗಳೂರಲ್ಲಿ ಅಕ್ಕನ ಮಗ ಸಾಕಿದ್ದು, ಅವ್ನು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗೋವಾಗ "ಚಿಕ್ಕಿ, ಒಂದೇ ಒಂದು ವರ್ಷ ನೋಡ್ಕಳ್ಳಿ" ಅಂತ ತೀರ್ಥಹಳ್ಳಿಗೆ ತಂದು ಬಿಟ್ಟು ಹೋದ. ಬಂದವ್ರೆಲ್ಲ ಇದೆಂತ ಮಾರಾಯ್ತಿ, ಇಲಿಯಾ ಮೊಲವಾ ಅಂತ ಕೇಳೋದು, ನಂಗೂ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲಿ ಜಾತಿದೇ, ಚಿಲಿ ದೇಶದ ಕಡೆ ಆಂಡಿಸ್ ಬೆಟ್ಟದ ಪ್ರಾಣಿ, ಒಣ ಹವೆ, ತಂಪು ಬೇಕು. ಒಂದೊಂದು ರಂಧ್ರದಿಂದ 50ಕ್ಕೂ ಹೆಚ್ಚು ಕೂದಲು ಹುಟ್ಟತ್ತಂತೆ, ಅಷ್ಟು ದಟ್ಟ ತುಪ್ಪಳ, ಹಂಗಾಗಿ 25 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ. ಅದಕ್ಕೇ ಏಸಿ ಇರೋ ಒಂದೇ ಒಂದು ಆರ್‌ಸಿಸಿ ರೂಮು ಅದ್ರ ಪಾಲಾಯ್ತು, ನಾವು ಹೊರಗೆ.

ಆ ರೂಮಿನ ಕಿಟಕಿ ಅಡಿಕೆ ತೋಟದ ಕಡೆಗೆ. ಆರಿದ್ರಾ ಮಳೆ ಹಿಡಿದ್ರೆ ಮಧ್ಯಾಹ್ನ ಎರಡು ಗಂಟೆಗೂ ಮುಸ್ಸಂಜೆ ಥರ ಇರತ್ತೆ. ಬೂದಿ ಎದ್ದು ಓಡಾಡೋದೇ ಮುಸ್ಸಂಜೆಗೆ, ಆಮೇಲೆ ರಾತ್ರಿ, ನಸುಕಲ್ಲಿ. ಸರಿ, ಇಡೀ ದಿನ ಮುಸ್ಸಂಜೆ ಅನ್ಕೊಂಡು ಹಗಲೆಲ್ಲ ಪಂಜರದೊಳಗಿನ ಆಟದ ಚಕ್ರದಲ್ಲಿ ಓಡೋದು, ರಾತ್ರಿ ನಾವು ನೋಡೋಣ ಅಂತ ಹೋಗಿ ಟ್ಯೂಬ್‌ಲೈಟ್ ಹಾಕಿದ್ರೆ ಮರದ ಗೂಡಲ್ಲಿ ಹೋಗಿ ಕೂತ್ಕಳೋದು. ಅಕ್ಕನ ಮಗನಿಗೆ ಫೋನ್ ಮಾಡಿದ್ರೆ, ದಿನಾ ಅದೇ ಟೈಮಿಗೆ 12 ಗಂಟೆ ಬೆಳಕು 12 ಗಂಟೆ ಕತ್ತಲೆ ಕೊಡಿ ಚಿಕ್ಕಿ, ಬೇರೇನೂ ಬೇಡ ಅಂದ.

ಬಲ್ಬು ಸುಲಭ. 9 ವ್ಯಾಟ್ ಎಲ್‌ಇಡಿ, ವಾರ್ಮ್ ಬಣ್ಣದ್ದು, 3000 ಕೆಲ್ವಿನ್ ಅಂತ ಡಬ್ಬದ ಮೇಲೆ ಬರೆದಿರತ್ತೆ. ಹಳೇ 60 ವ್ಯಾಟಿನ ತಂತಿ ಬಲ್ಬು ಮಾತ್ರ ಬೇಡ, ಅದು ಬೆಳಕಿಗಿಂತ ಬಿಸಿಯೇ ಜಾಸ್ತಿ ಕೊಡೋದು. ಪಂಜರದ ಮೇಲೆ ನೇರ ಬೀಳೋ ಹಂಗೆ ಇಡದೆ ಗೋಡೆ ಕಡೆ ತಿರುಗಿಸಿದೀನಿ, ರೂಮಲ್ಲಿ ಪೇಪರ್ ಓದೋಕಾಗುವಷ್ಟು ಬೆಳಕಿದ್ರೆ ಸಾಕು, ಮೇಲೆ ಒಳಗೆ ಒಂದು ಕತ್ತಲೆ ಗೂಡು ಇರ್ಲೇಬೇಕು. ಫೋನ್ ಕ್ಯಾಮೆರಾ ಹಿಡಿದು ನೋಡಿ, ಸ್ಕ್ರೀನಲ್ಲಿ ಕಪ್ಪು ಪಟ್ಟಿ ಓಡಾಡಿದ್ರೆ ಆ ಬಲ್ಬು ಮಿಣುಕ್ತಿದೆ ಅಂತ, ವಾಪಸ್ ಕೊಡಿ. ರಾತ್ರಿಗೆ ಅಂತ ಅಂಗಡಿಯವ್ರು ನೀಲಿ ಝೀರೋ ಬಲ್ಬ್ ಕೊಟ್ಟಿದ್ರು, ತೆಗೆದು ಹಾಕಿದೆ, ರಾತ್ರಿ ನೀಲಿ ಬೆಳಕೇ ಜಾಸ್ತಿ ತೊಂದ್ರೆ. ಹಣಿಕಿ ನೋಡೋಕೆ ಕೆಂಪು ಇದ್ರೆ ಪರವಾಗಿಲ್ಲ, ಇಲಿ ಜಾತಿಯವಕ್ಕೆ ಕೆಂಪು ಅಷ್ಟಾಗಿ ಕಾಣಲ್ಲ.

ಈಗ ಟೈಮರ್. ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿ ಕಡೆ ಒಂದು ಎಲೆಕ್ಟ್ರಿಕಲ್ ಅಂಗಡೀಲಿ ಮೊದ್ಲು ತಗೊಂಡಿದ್ದು ಡಯಲ್ ಇರೋದು, 450 ರೂಪಾಯಿ. ಸುತ್ತ 96 ಪುಟ್ಟ ಹಲ್ಲು, ಒಂದೊಂದು ಹಲ್ಲು 15 ನಿಮಿಷ, ಬೇಕಾದಷ್ಟು ಒತ್ತಿದ್ರೆ ಆಯ್ತು, ಓದು ಬರಹ ಬರದವ್ರೂ ಹಾಕ್ಬಹುದು. ಬೆಳಗ್ಗೆ 7ಕ್ಕೆ ಆನ್, ಸಂಜೆ 7ಕ್ಕೆ ಆಫ್. ಒಳಗಿನ ಗಾಲಿ ಗರ್ರ್ ಅಂತ ಸಣ್ಣ ಸದ್ದು ಮಾಡತ್ತೆ, ಬೂದಿಯ ಅಷ್ಟಗಲ ಕಿವಿ ಎರಡು ದಿನ ಆ ಕಡೆಗೇ ತಿರುಗಿತ್ತು, ಆಮೇಲೆ ಅಭ್ಯಾಸ ಆಯ್ತು.

ಸಮಸ್ಯೆ ಎಂತ ಅಂದ್ರೆ ಕರೆಂಟ್ ಹೋದ್ರೆ ಡಯಲ್ಲೂ ನಿಲ್ಲತ್ತೆ. ಮೂರು ಗಂಟೆ ಹೋದ್ರೆ ಮೂರು ಗಂಟೆ ಹಿಂದೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗೋದು ಹೊಸ ವಿಷ್ಯ ಅಲ್ವಲ್ಲ. ಜುಲೈನಲ್ಲಿ ನಾನು ಒಂದು ವಾರ ಸಾಗರಕ್ಕೆ ಹೋಗಿದ್ದೆ, ನಮ್ಮನೆಯವ್ರು ಹುಲ್ಲು ನೀರು ಹಾಕ್ತಿದ್ರು ಆದ್ರೆ ಲೈಟಿನ ಕಡೆ ಲಕ್ಷ್ಯ ಕೊಟ್ಟಿಲ್ಲ, ಬಂದು ನೋಡಿದ್ರೆ ಸೇರಿ ಸೇರಿ 11 ಗಂಟೆ ಹಿಂದೆ ಬಿದ್ದಿದೆ! ಸಂಜೆ 6ಕ್ಕೆ ಹತ್ತಿ ಬೆಳಗ್ಗೆ 6ಕ್ಕೆ ಆರ್ತಿತ್ತು. ಹುಲ್ಲು ಅರ್ಧ ಹಂಗೇ ಬಿದ್ದಿತ್ತು, ಹಿಕ್ಕೆ ಸಣ್ಣ ಆಗಿ ಎಣಿಸ್ಬಹುದು ಅನ್ನೋ ಹಂಗಿತ್ತು, ಇವು ತಿನ್ನೋದು ನಿಲ್ಲಿಸಿದ್ರೆ ಅಪಾಯ, ನಂಗೆ ಕೈಕಾಲು ತಣ್ಣಗಾಯ್ತು. ಇನ್ವರ್ಟರ್ ಲೈನಿಗೆ ಹಾಕಿ ಅಂತ ಹೇಳ್ಬೇಡಿ, ಆ ರೂಮಿನ ಪ್ಲಗ್ಗಿಗೆ ಅದಿಲ್ಲ.

ಆಮೇಲೆ ಡಿಜಿಟಲ್ ತರಿಸಿದೆ, 780. ಒಳಗೆ ಪುಟ್ಟ ಬ್ಯಾಟರಿ ಇದೆ, ಕರೆಂಟ್ ಹೋದ್ರೂ ಗಡಿಯಾರ ನಡೀತಿರತ್ತೆ, ಬಂದ ಕೂಡ್ಲೆ ಸರಿಯಾದ ಟೈಮಿಗೆ ಸೇರ್ಕಳತ್ತೆ. ಬಟನ್ನು ಮಾತ್ರ ಸಾಸಿವೆ ಗಾತ್ರ, ಪುಸ್ತಕದಲ್ಲಿ ಅಕ್ಷರ ಇರುವೆ ಸಾಲಿದ್ದಂಗೆ, ಸೆಟ್ ಮಾಡೋಕೆ ಅರ್ಧ ಗಂಟೆ ಹಿಡೀತು. ಎಲ್ಲ ಮುಗಿದ ಮೇಲೆ ಸ್ಕ್ರೀನಲ್ಲಿ ಆಟೋ ಅಂತ ಇದ್ಯಾ ನೋಡ್ಕಳಿ, ಬರೀ ಆನ್ ಅಂತ ಇದ್ರೆ ರಾತ್ರಿಯಿಡೀ ಉರೀತಾನೇ ಇರತ್ತೆ. ಮತ್ತೆ ವೈರು ಪಂಜರದಿಂದ ದೂರ, ಕೇಸಿಂಗ್ ಒಳಗೆ. ಬೂದಿ ಓಡಾಡೋಕೆ ಬಿಟ್ಟಾಗ ಹಳೇ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲೆ ಕಡಿದ ಗುರುತು ಇನ್ನೂ ಇದೆ, ಪುಣ್ಯಕ್ಕೆ ಸ್ವಿಚ್ ಆಫ್ ಇತ್ತು.

ಡಿಜಿಟಲ್‌ಗೆ ಐದಕ್ಕೆ ನಾಲ್ಕು, ಆ ಬಟನ್ನಿಗೆ ಒಂದು ಕಟ್. ಡಯಲ್‌ದು ಕರೆಂಟ್ ಹೋಗದ ಊರವ್ರಿಗೆ ಚೆನ್ನಾಗೇ ಇದೆ. ನಮ್ಮದನ್ನ ಈಗ ಕೊಟ್ಟಿಗೆ ಲೈಟಿಗೆ ಹಾಕಿದೀವಿ, ಹಸುಗಳು ಇನ್ನೂ ಕಂಪ್ಲೇಂಟ್ ಮಾಡಿಲ್ಲ.