ಬರೀ ಸಹಿಯೋ, ಹೆಸರು ಬರೆದು ಹಾಕಿದ ಸಹಿಯೋ?

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕು ಚಳವಳಿಯ ನಾಯಕ ಜಾನ್ ಲೂಯಿಸ್ ಅವರ ಆತ್ಮಕಥೆ ‘ವಾಕಿಂಗ್ ವಿತ್ ದ ವಿಂಡ್’ 1998ರಲ್ಲಿ ಬಂತು. ಅದರ ಮೊದಲ ಮುದ್ರಣದ, ಸಹಿ ಇರುವ ಎರಡು ಪ್ರತಿಗಳು ನನ್ನ ಹತ್ತಿರ ಇವೆ. ಹರಾಜಿನಲ್ಲಿ ಕೊಂಡದ್ದರಲ್ಲಿ ಬರೀ ಸಹಿ. ಹಳೆ ಪುಸ್ತಕದ ವ್ಯಾಪಾರಿಯಿಂದ ತಂದದ್ದರಲ್ಲಿ ಯಾರೋ ಓದುಗರ ಹೆಸರು, ಎರಡು ಸಾಲು ಹಾರೈಕೆ, ಕೆಳಗೆ ಸಹಿ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಬರೀ ಸಹಿಗೇ ಬೆಲೆ ಜಾಸ್ತಿ. ಬೇರೆಯವರ ಹೆಸರಿರುವ ಪುಸ್ತಕ ನಮಗ್ಯಾಕೆ ಅನ್ನುವವರೇ ಹೆಚ್ಚು. ಆ ಹೆಸರು ಚಳವಳಿಯ ಒಡನಾಡಿಯದಾದರೆ ಮಾತ್ರ ಲೆಕ್ಕ ತಿರುಗುತ್ತದೆ. ನನಗಂತೂ ಹೆಸರಿರುವುದೇ ಮೇಲು. ಒಂದು ಸಹಿಯನ್ನು ನಕಲು ಮಾಡುವುದು ಸುಲಭ, ಎರಡು ಸಾಲು ಕೈಬರಹ ಕಷ್ಟ. ಅಕ್ಷರದ ತಿರುವು, ಸಾಲಿನ ಓಟ ಎಲ್ಲವನ್ನೂ ಬೇರೆ ಪ್ರತಿಗಳ ಜೊತೆ ಇಟ್ಟು ನೋಡಬಹುದು. ಇನ್ನೊಂದು ಕಾರಣವೂ ಇದೆ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಊರಿನ ಸೇತುವೆಯ ಬಳಿ, ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯಲ್ಲಿ ಪೊಲೀಸರ ಏಟಿಗೆ ತಲೆಬುರುಡೆ ಬಿರುಕು ಬಿಟ್ಟ ಮನುಷ್ಯ, ಒಬ್ಬ ಸಾಮಾನ್ಯ ಓದುಗರಿಗಾಗಿ ನಿಧಾನವಾಗಿ ಬರೆದ ಸಾಲು ಅದು. ಅದನ್ನು ಕೊರತೆಯೆಂದು ಹೇಗೆ ಎಣಿಸುವುದು?

ಸಹಿ ಮಾಡಿದ ಚೀಟಿ ಅಂಟಿಸಿದ ಪ್ರತಿಗಳೂ ಸಿಗುತ್ತವೆ. ಅಗ್ಗ, ಆದರೆ ಚೀಟಿಯನ್ನು ಯಾವ ಪ್ರತಿಗೆ ಬೇಕಾದರೂ ಅಂಟಿಸಬಹುದಲ್ವಾ? ನಾನು ಕೊಳ್ಳುವುದಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಅವರ ‘ಸ್ಟ್ರೈಡ್ ಟುವರ್ಡ್ ಫ್ರೀಡಮ್’ ವಿಷಯ ಬೇರೆ. 1958ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನ ಅಂಗಡಿಯೊಂದರಲ್ಲಿ ಇದೇ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾಗ ಅವರ ಎದೆಗೆ ಇರಿದರು. ಸಹಿಯಿರುವ ಪ್ರತಿಗೆ ಭಾರಿ ಬೆಲೆ, ಆದ್ದರಿಂದ ನಕಲಿಯ ಭಯವೂ ಜಾಸ್ತಿ. ಯಾರಿಂದ ಯಾರಿಗೆ ಬಂತು ಎಂಬ ದಾಖಲೆ ಇಲ್ಲದಿದ್ದರೆ ಮುಟ್ಟಬೇಡಿ. ಕಪ್ಪು ಜನರ ಇನ್ನೊಬ್ಬ ನಾಯಕ ಮಾಲ್ಕಮ್ ಎಕ್ಸ್ ಅವರ ಆತ್ಮಕಥೆಗೆ ಅವರದೇ ಸಹಿ ಇದೆ ಎಂದರೆ ನಂಬಲೇಬೇಡಿ. ಅವರ ಹತ್ಯೆಯಾದದ್ದು 1965ರ ಫೆಬ್ರವರಿಯಲ್ಲಿ, ಪುಸ್ತಕ ಬಂದದ್ದು ಆಮೇಲೆ. ಜೊತೆಗೂಡಿ ಬರೆದ ಅಲೆಕ್ಸ್ ಹೇಲಿ ಸಹಿ ಇರಬಹುದು.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕಮಿಷನ್ ಬೀಳುತ್ತದೆ. ಸಹಿ ಸುಳ್ಳಾದರೆ ಹಣ ವಾಪಸ್ ಎಂದು ಬರೆದುಕೊಡುವ ವ್ಯಾಪಾರಿಯೇ ವಾಸಿ. 1998ರ ಪುಸ್ತಕವಾದರೆ ಹಕ್ಕುಸ್ವಾಮ್ಯದ ಪುಟದ ಅಂಕಿಸಾಲಿನಲ್ಲಿ (ಎಷ್ಟನೇ ಮುದ್ರಣ ಎಂದು ತೋರಿಸುವ ಅಂಕಿಗಳ ಸಾಲು) 1 ಇದೆಯೇ, ಹೊದಿಕೆಯ ಮೇಲೆ ಬೆಲೆ ಇದೆಯೇ ನೋಡಿ.

ಹೊಸದಾಗಿ ಶುರು ಮಾಡುವವರಿಗೆ ಲೂಯಿಸ್ ಅವರ ಚಿತ್ರಕಥನ ‘ಮಾರ್ಚ್’ ಸಾಕು. ಮೊದಲ ಭಾಗ ಬಂದದ್ದು 2013ರಲ್ಲಿ. ಲೂಯಿಸ್, ಸಹಲೇಖಕ ಆಂಡ್ರ್ಯೂ ಐಡಿನ್, ಚಿತ್ರಕಾರ ನೇಟ್ ಪೊವೆಲ್ ಮೂವರ ಸಹಿಯೂ ಒಂದೇ ಪ್ರತಿಯಲ್ಲಿ ಸಿಕ್ಕರೆ ಬಿಡಬೇಡಿ.