ಜೆಲ್ಲಿ ಗುವಾಶ್ ಡಬ್ಬಿ: ತೊಟ್ಟಿಲ ಪಕ್ಕದಲ್ಲಿ ಒಂಬತ್ತು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಬಣ್ಣದ ಗುಣ ಅಷ್ಟಕ್ಕಷ್ಟೇ. ಆದರೂ ಡಬ್ಬಿ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಿದೆ, ಇನ್ನೊಂದು ತರಿಸುವುದಾ ಬೇಡವಾ ಅಂತ ಯೋಚಿಸುತ್ತಾ ಇದನ್ನು ಬರೆಯುತ್ತಿದ್ದೇನೆ.

ನಾನು ಆಯಿಲ್ ಪೇಂಟ್ ಮಾಡುತ್ತಿದ್ದವಳು. ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಹಿಂದಿನ ರೂಮು ಪೂರ್ತಿ ನನ್ನದೇ ಆಗಿತ್ತು. ಈಗ ಅಲ್ಲಿ ತೊಟ್ಟಿಲಿದೆ. ಬಾಣಂತನಕ್ಕೆ ಮಧುಗಿರಿಯ ಅಮ್ಮನ ಮನೆಗೆ ಹೊರಟಾಗ ಟರ್ಪೆಂಟೈನ್ ಬಾಟಲಿ ಒಯ್ಯುವ ಮಾತೇ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಅದರ ವಾಸನೆಗೆ ದೊಡ್ಡವರಿಗೇ ತಲೆನೋವು ಬರುತ್ತದೆ, ಇನ್ನು ಎಳೆ ಕೂಸು. (ಅದೇ ಕೋಣೆಗೆ ದಿನಾ ಎರಡು ಹೊತ್ತು ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು, ಅದನ್ನು ಯಾರೂ ಕೇಳುವ ಹಾಗಿರಲಿಲ್ಲ.) ಕ್ಯಾಡ್ಮಿಯಂ (ವಿಷಕಾರಿ ಲೋಹ) ಇರುವ ಕೆಂಪು, ಹಳದಿ ಟ್ಯೂಬುಗಳೆಲ್ಲ ಅಟ್ಟ ಸೇರಿದವು.

ಮಗಳಿಗೆ ಮೂರು ತಿಂಗಳು ತುಂಬಿದಾಗ ಆನ್‌ಲೈನಿನಲ್ಲಿ ಈ ಡಬ್ಬಿ ತರಿಸಿದೆ. 18 ಬಣ್ಣ, ಒಂದೊಂದು ಪುಟ್ಟ ಕಪ್ಪಿನಲ್ಲಿ 30 ಮಿಲಿ, ಎಲ್ಲಕ್ಕೂ ಸೇರಿ ಒಂದೇ ಮುಚ್ಚಳ. 1,300 ರೂಪಾಯಿ ಚಿಲ್ಲರೆ ಕೊಟ್ಟೆ. ಗುವಾಶ್ ಅಂದರೆ ಗೊತ್ತಿಲ್ಲದವರಿಗೆ: ವಾಟರ್ ಕಲರ್ ತರಹವೇ ಗಮ್ ಅರೇಬಿಕ್ ಅಂಟಿನಲ್ಲಿ ಕಲಸಿದ ಬಣ್ಣ, ಆದರೆ ಗಟ್ಟಿ. ಕೆಳಗಿನ ಕಾಗದ ಕಾಣದ ಹಾಗೆ ಮುಚ್ಚುತ್ತದೆ.

ಮಗು ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ, "ಟೈಮ್ ಸಿಗುತ್ತಾ?" ಸಿಗುತ್ತದೆ ಕಣ್ರೀ. 20 ನಿಮಿಷ, ಒಮ್ಮೊಮ್ಮೆ 40. ಅದು ಯಾವಾಗ ಮುಗಿಯುತ್ತದೆ ಅಂತ ಮಾತ್ರ ಗೊತ್ತಿರುವುದಿಲ್ಲ. ಆಯಿಲ್‌ನಲ್ಲಾದರೆ ಬಣ್ಣ ಹಿಂಡಿ, ಆಮೇಲೆ ಬ್ರಷ್ ತೊಳೆದು, ಮಗು ಮುಟ್ಟಬೇಕಲ್ಲ ಅಂತ ಎರಡೆರಡು ಸಲ ಕೈ ಉಜ್ಜಿಕೊಳ್ಳುವಷ್ಟರಲ್ಲೇ ಆ 20 ನಿಮಿಷ ಹೋಗಿಬಿಡುತ್ತದೆ. ಅಕ್ರಿಲಿಕ್ಕೂ ನೋಡಿದೆ. ಹಾಲು ಕುಡಿಸಿ ಬರುವಷ್ಟರಲ್ಲಿ ಪ್ಯಾಲೆಟ್ ಮೇಲಿನ ಬಣ್ಣ ಪ್ಲಾಸ್ಟಿಕ್ ಆಗಿತ್ತು, ನನ್ನ ಒಳ್ಳೆಯ ಬ್ರಷ್ ಪೊರಕೆ ಕಡ್ಡಿ ಆಗಿತ್ತು. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ಗುವಾಶ್ ಕರಗುತ್ತದೆ. ಮಗಳು ಎದ್ದಳಾ, ಬ್ರಷ್ಷನ್ನು ನೀರಲ್ಲಿ ಆಡಿಸಿ, ಮುಚ್ಚಳ ಒತ್ತಿ, ಎದ್ದು ನಡೆ. ಸಂಜೆ ಬಂದು ಎರಡು ಹನಿ ನೀರು ಬಿಟ್ಟರೆ ಬೆಳಗ್ಗೆ ಕಲಸಿಟ್ಟ ಬಣ್ಣವೇ ಮತ್ತೆ ಏಳುತ್ತದೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅಂತ ಈಗ ಅನ್ನಿಸುತ್ತದೆ.

ಅಮ್ಮನ ಮನೆ ತಾರಸಿಯಿಂದ ಮಧುಗಿರಿ ಬೆಟ್ಟವನ್ನು ಹೀಗೇ ತುಂಡು ತುಂಡಾಗಿ 11 ದಿನ ಬರೆದೆ. "ಬಾಣಂತಿ ಕಣ್ಣಿಗೆ ಅಷ್ಟು ಕೆಲಸ ಕೊಡಬಾರದು ಕಣೇ" ಅಂತ ಗೊಣಗುತ್ತಲೇ ಅಮ್ಮ ಮಗುವನ್ನು ಎತ್ತಿಕೊಂಡು ಕೆಳಗೆ ಹೋಗುತ್ತಿದ್ದರು. ಬೆಟ್ಟ ಒಂದೇ ಬಂಡೆ, ನನ್ನ ಚಿತ್ರದಲ್ಲಿ ಮಾತ್ರ ಅದರ ಎಡಕ್ಕೆ ಬೆಳಗಿನ ಬಿಸಿಲು, ಬಲಕ್ಕೆ ಸಂಜೆಯದು. ಇದುವರೆಗೆ ಯಾರೂ ಹಿಡಿದಿಲ್ಲ.

ಈಗ ಬೈಗುಳ. ತುಮಕೂರಿಗೆ ವಾಪಸ್ ಬಂದ ಮೇಲೆ ಮಳೆಗಾಲದಲ್ಲಿ ಬಿಳಿ ಬಣ್ಣ ಇದ್ದ ಕಪ್ಪಿಗೆ ಬೂಷ್ಟು ಹಿಡಿಯಿತು, ಉಪ್ಪಿನಕಾಯಿ ಜಾಡಿಗೆ ಹಿಡಿಯುವ ಹಾಗೆ. ತಪ್ಪು ಸ್ವಲ್ಪ ನನ್ನದೂ ಇದೆ, ಒದ್ದೆ ಬ್ರಷ್ಷನ್ನು ನೇರವಾಗಿ ಕಪ್ಪಿಗೇ ಅದ್ದುತ್ತಿದ್ದೆ. ಮೇಲಿನ ಪದರ ತೆಗೆದು ಬಿಸಾಕಿ ಒಂದು ಹನಿ ಲವಂಗದ ಎಣ್ಣೆ ಹಾಕಿದೆ, ಈಗ ಚಾಕುವಿನ ತುದಿಯಲ್ಲಿ ತೆಗೆಯುತ್ತೇನೆ. ಆಮೇಲೆ ಬಂದಿಲ್ಲ, ಎಣ್ಣೆಯಿಂದಲೋ ಮಳೆ ನಿಂತಿದ್ದರಿಂದಲೋ.

ಗುವಾಶ್ ಒಣಗಿದಾಗ ಬಣ್ಣ ಬದಲಾಗುತ್ತದೆ. ತಿಳಿ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಗಾಢ ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಒಂದೇ ಪಟ್ಟಿನಲ್ಲಿ ಕೂತು ಬರೆಯುವವರಿಗೆ ಇದು ದೊಡ್ಡ ತಲೆನೋವಲ್ಲ. ಐದು ಗಂಟೆ ಬಿಟ್ಟು ಬಂದು ಅದೇ ಆಕಾಶ ಮುಂದುವರಿಸುವ ನನ್ನಂಥವರಿಗೆ ಹೌದು. ಕಾಗದದ ಅಂಚಿನಲ್ಲಿ ಚುಕ್ಕೆ ಇಟ್ಟು ಒಣಗಿಸಿ ನೋಡುವುದು ಬಿಟ್ಟರೆ ದಾರಿ ಇಲ್ಲ.

ನಿಜಕ್ಕೂ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಯಾವ ಕಪ್ಪಿನ ಮೇಲೂ ಪಿಗ್ಮೆಂಟ್ ನಂಬರ್ (ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಗುರುತು) ಇಲ್ಲ. ಬಿಸಿಲಿಗೆ ಮಾಸುತ್ತವೇನೋ ಅಂತ ಅನುಮಾನ ಬಂದು ಒಂದು ಚೀಟಿಯ ಮೇಲೆ 18 ಬಣ್ಣವನ್ನೂ ಪಟ್ಟಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ದಕ್ಷಿಣದ ಕಿಟಕಿಗೆ ಅಂಟಿಸಿದೆ. ಮೂರು ತಿಂಗಳಾದ ಮೇಲೆ ರಟ್ಟು ತೆಗೆದರೆ ಗುಲಾಬಿ, ನೇರಳೆ ಎರಡೂ ಬಿಳಿಚಿಕೊಂಡಿದ್ದವು. ಅಷ್ಟರಲ್ಲಿ ಅದೇ ಗುಲಾಬಿಯಲ್ಲಿ ಒಬ್ಬರ ಮದುವೆ ಚಿತ್ರದ ಸೀರೆ ಬರೆದು ಮುಗಿಸಿದ್ದೆ, ಅಡ್ವಾನ್ಸ್ ಕೂಡ ತಗೊಂಡಿದ್ದೆ. ಅವರಿಗೆ ಇದ್ದದ್ದು ಹೇಳಿ, ಒಳ್ಳೆಯ ಟ್ಯೂಬ್ ಬಣ್ಣ ತಂದು, ಮತ್ತೆ ಮೊದಲಿಂದ ಬರೆದೆ. ಕೊಟ್ಟಿದ್ದು 12 ದಿನ ತಡ. ಅವರು ಮಗು ಇರುವ ಮನೆ ಅಂತ ಸುಮ್ಮನಾದರು, ನನಗೆ ಮಾತ್ರ ಆ ಸಮಾಧಾನವೇ ಜಾಸ್ತಿ ಚುಚ್ಚಿತು, ಯಾಕೆಂದರೆ ತಡವಾಗಿದ್ದು ಮಗುವಿನಿಂದ ಅಲ್ಲವೇ ಅಲ್ಲ.

ಅಂದಿನಿಂದ ಮಾರುವ ಚಿತ್ರಕ್ಕೆ ಈ ಡಬ್ಬಿಯ ಮಣ್ಣು ಬಣ್ಣಗಳು, ಕಪ್ಪು, ಬಿಳಿ ಮಾತ್ರ. ಚೀಟಿಯಲ್ಲಿ ಅವು ಅಲ್ಲಾಡಿರಲಿಲ್ಲ. ಸ್ಕ್ಯಾನ್ ಮಾಡಿ ಪ್ರಿಂಟ್ ಕೊಡುವ ಕೆಲಸಕ್ಕೆ ಯಾವುದಾದರೂ ಸರಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ಇರುತ್ತದಲ್ಲ, ಅದಕ್ಕೆ ಅಂತ ಅಂಗೈ ಅಗಲದ ಎಂಟು ಚಿತ್ರ ಹೀಗೇ ಮಾಡುತ್ತಿದ್ದೇನೆ, ಐದು ಮುಗಿದಿದೆ. ಯಜಮಾನರಿಗೆ ವಸಂತನರಸಾಪುರದಲ್ಲಿ ಕೆಲಸ, ಸೆಕೆಂಡ್ ಶಿಫ್ಟ್ ಇದ್ದ ವಾರ ಬೆಳಗ್ಗೆ ಮಗಳು ಅವರ ಪಾಲು. ಅತ್ತೆಗೆ ದೊಡ್ಡ ಕ್ಯಾನ್ವಾಸಿನ ಕಾಲದಲ್ಲಿ ನನ್ನದು ಕೆಲಸ ಅಂತ ಅನ್ನಿಸುತ್ತಿತ್ತು, ಈ ಪುಟ್ಟ ಕಾಗದ ನೋಡಿ "ಟೈಂಪಾಸಿಗೆ ಪರವಾಗಿಲ್ಲಮ್ಮ" ಅಂದರು. ಮೂರು ಚಿತ್ರ ಮಾರಿದ ದುಡ್ಡು ತೋರಿಸಿದ್ದೇನೆ, ನೋಡೋಣ.

ಇನ್ನೊಂದು ಡಬ್ಬಿ ತರಿಸುವುದಿಲ್ಲ. ಇದನ್ನೇ ಇಟ್ಟುಕೊಂಡು, ಖಾಲಿಯಾದ ಕಪ್ಪುಗಳಿಗೆ ಪಿಗ್ಮೆಂಟ್ ನಂಬರ್ ಇರುವ ಟ್ಯೂಬ್ ಬಣ್ಣ ಒಂದೊಂದಾಗಿ ತುಂಬುತ್ತೇನೆ. ಬಣ್ಣಕ್ಕೆ 5ರಲ್ಲಿ 2.5, ಡಬ್ಬಿಗೆ 4. ಪೂರ್ತಿ 5 ಕೊಡುತ್ತಿದ್ದೆ, ಮುಚ್ಚಳದ ಲಾಕ್ ಸಡಿಲ. ಮೇಲೆ ವಿಷರಹಿತ ಅಂತ ಬರೆದಿದ್ದಾರೆ ನಿಜ, ಹಾಗಂತ ತಿನ್ನುವ ಪದಾರ್ಥ ಅಲ್ವಲ್ಲ. ಕಳೆದ ವಾರ ಮಗಳು ಮುಚ್ಚಳವನ್ನು ತಾನೇ ತೆಗೆದು ಹಳದಿ ಕಪ್ಪಿನಲ್ಲಿ ಬೆರಳು ಊರಿದ್ದಳು, ಬಾಯಿಗೆ ಹೋಗುವ ಮೊದಲು ಹಿಡಿದೆ. ಈಗ ಡಬ್ಬಿ ಫ್ರಿಡ್ಜ್ ಮೇಲಿದೆ.