ಸೆಮಿನಾರಿಗೆ ನೆಲ್ಸನ್ನೋ, ಕಾಕ್ರನ್ನೋ?

ಹಾಯಿಹಡಗಿನ ಕಾಲದ ನೌಕಾ ದಳಪತಿಯ ಬದುಕಿನ ಮೇಲೆ ಸೆಮಿನಾರ್, ಬ್ರಿಟನ್ನಿನ ನೌಕಾಪಡೆಯ ಹೊರೇಷಿಯೋ ನೆಲ್ಸನ್ ಒಳ್ಳೆಯದೋ ಥಾಮಸ್ ಕಾಕ್ರನ್ನೋ ಎಂದು ಕೇಳಿದ್ದೀರಿ.

ಆಕರ ಸಿಗುವುದರಲ್ಲಿ ನೆಲ್ಸನ್ ಸುಲಭ. ಅವನ ಪತ್ರಗಳು ರಾಶಿಗಟ್ಟಲೆ ಉಳಿದಿವೆ. ಬದುಕಿಗೂ ನೇರ ಎಳೆಯಿದೆ: 12ಕ್ಕೆ ನೌಕಾಪಡೆ, 20ಕ್ಕೆ ಕ್ಯಾಪ್ಟನ್, 1797ರಲ್ಲಿ ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಬಲಗೈ ಹೋಯಿತು, 1805ರಲ್ಲಿ ಟ್ರಫಾಲ್ಗರ್ ಕಡಲ ಕಾಳಗದಲ್ಲಿ ಜೀವವೇ ಹೋಯಿತು. ಕಾಕ್ರನ್ ಆತ್ಮಕಥೆ ಬರೆದಿದ್ದಾನೆ, ಆದರೆ ಅದು ತನ್ನ ಪರ ವಾದ. ಬೇರೆ ದಾಖಲೆಗಳ ಜೊತೆ ತಾಳೆ ನೋಡಲೇಬೇಕು.

ಯುದ್ಧದ ವಿಷಯಕ್ಕೆ ಬಂದರೆ, ಇಡೀ ಪಡೆಯನ್ನು ನಡೆಸುವ ಬಗೆ ಬೇಕಿದ್ದರೆ ನೆಲ್ಸನ್. ಶತ್ರುಸಾಲನ್ನು ಎರಡು ಕಡೆ ಸೀಳಿದ ಟ್ರಫಾಲ್ಗರ್ ಒಂದೇ ಸಾಕು. ಒಂಟಿ ಹಡಗಿನ ಚಾಕಚಕ್ಯತೆ ಬೇಕಿದ್ದರೆ ಕಾಕ್ರನ್. 1801ರಲ್ಲಿ 14 ತೋಪಿನ 'ಸ್ಪೀಡಿ'ಯಲ್ಲಿ ಅವನ ಬಳಿ 54 ಜನ. ಎದುರಿಗೆ 32 ತೋಪು, 319 ಜನರ ಸ್ಪೇನಿನ 'ಗಾಮೋ'. ಅವನು ಅದರ ಪಕ್ಕಕ್ಕೇ ಹಡಗನ್ನು ಅಂಟಿಸಿದ. ಎತ್ತರದ ಗಾಮೋದ ಗುಂಡುಗಳು ತಲೆಯ ಮೇಲಿಂದ ಹಾರಿಹೋದವು. ಸ್ಪೀಡಿಯ ಪುಟ್ಟ ತೋಪುಗಳು ಕೆಳಗಿನಿಂದ ಮೇಲಕ್ಕೆ ಸಿಡಿದವು. ಕೊನೆಗೆ ಕಾಕ್ರನ್ನನ ಜನ ಗಾಮೋ ಮೇಲೆ ಏರಿ ಹೋಗಿ ಗೆದ್ದರು. ನನಗಂತೂ ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ರಾಜಕೀಯವೂ ಬೇಕೆಂದರೆ ಕಾಕ್ರನ್‌ನೇ. 1814ರಲ್ಲಿ ಷೇರು ವಂಚನೆಯ ಶಿಕ್ಷೆ, ನೌಕಾಪಡೆಯಿಂದ ವಜಾ, ಮುಂದೆ ಚಿಲಿ, ಬ್ರೆಜಿಲ್, ಗ್ರೀಸ್ ಪಡೆಗಳ ನಾಯಕತ್ವ, 1832ರಲ್ಲಿ ಮರುನೇಮಕ.

ಹದಿನೈದು ನಿಮಿಷವಷ್ಟೇ ಇದ್ದರೆ ನೆಲ್ಸನ್ ಹಿಡಿಯಿರಿ. ದೀರ್ಘ ಪ್ರಬಂಧವಾದರೆ ಕಾಕ್ರನ್‌ಗೆ ಸಮಯ ಕೊಡಿ. ಭಾರತದ ನಂಟು ಕೇಳಿದರೆ, ಹದಿಹರೆಯದ ನೆಲ್ಸನ್ 'ಸೀಹಾರ್ಸ್' ಹಡಗಿನಲ್ಲಿ ನಮ್ಮ ಕಡಲಿಗೆ ಬಂದು, ಕಾಯಿಲೆ ಬಿದ್ದು ಊರಿಗೆ ಮರಳಿದ್ದನ್ನು ಸೇರಿಸಬಹುದು.